ರಸ್ತೆ ಕಾಯಲು ಕಟ್ಟಿದ ಊರು

ನಾನು ಹುಟ್ಟಿದ್ದು ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ, ನೌಕರಿಯಿಂದ ನಿವೃತ್ತಳಾಗಿ ಈಗಿರುವುದು ಕೆಂಗೇರಿ ಉಪನಗರದಲ್ಲಿ. ಮಗನ ಕಾರಿನಲ್ಲಿ ಹೊಸ ಹೆದ್ದಾರಿ ಹಿಡಿದು ಹೊರಟರೆ ಊರು ಬಹಳ ಬೇಗ ಬಂದುಬಿಡುತ್ತದೆ. ಕಳೆದ ಸಲ ಹಾಗೆ ಹೋಗುವಾಗ ಮೊಮ್ಮಗಳು, “ಅಜ್ಜಿ, ರಾಮನಗರ ಎಲ್ಲಿ?” ಎಂದಳು. ನಾನು ಕಿಟಕಿಯಾಚೆ ಹುಡುಕಿದೆ. ಬಂಡೆ ಕಂಡವು, ಊರು ಕಾಣಲಿಲ್ಲ. “ಆಗಲೇ ದಾಟಿದ್ವಮ್ಮ” ಎಂದ ಮಗ.

ಅದು ಮನಸ್ಸಿನಲ್ಲೇ ಉಳಿದು, ಒಂದು ಗುರುವಾರ ಬೆಳಿಗ್ಗೆ ಯಾರಿಗೂ ಹೇಳದೆ ಕೆಂಗೇರಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದೆ. ಅದಕ್ಕೆ ಈಗ ಮೆಮು ಎನ್ನುತ್ತಾರೆ. ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನುವ ಆಸೆಯಿತ್ತು, ಆದರೆ ಮುಂದಿನ ರೈಲು ಎಷ್ಟೊತ್ತಿಗೋ ಎಂದು ಕೂತೇ ಇದ್ದೆ.

ಈ ಹಳಿಗೆ ಸುಮಾರು 145 ವರ್ಷ. 1876-78ರ ಧಾತು-ಈಶ್ವರ ಬರ ಮೈಸೂರು ಸೀಮೆಯ ಜನರನ್ನು ಹುರಿದು ತಿಂದಿತು. ಅದರ ಬೆನ್ನಿಗೇ ಬೆಂಗಳೂರು-ಮೈಸೂರು ನಡುವೆ ಮೀಟರ್ ಗೇಜ್ ಹಳಿ ಬಿತ್ತು, 1882ರ ಹೊತ್ತಿಗೆ ರೈಲು ಮೈಸೂರು ಮುಟ್ಟಿತು. ನಮ್ಮಪ್ಪ ರೇಷ್ಮೆಗೂಡಿನ ಮೂಟೆ ಹಾಕಿಕೊಂಡು ಓಡಾಡಿದ್ದು ಇದೇ ಹಳಿಯ ಮೇಲೆ. ವಾಪಸು ಬರುವಾಗ ಡಬ್ಬಿಯಲ್ಲಿ ಯಾರಾದರೂ “ಎಷ್ಟಕ್ಕೆ ಹೋಯ್ತು ಗೌಡ್ರೆ?” ಎಂದರೆ, “ಏನೋ, ಹೋಯ್ತು” ಎಂದು ಸುಮ್ಮನಾಗುತ್ತಿದ್ದರು. ಒಳಜೇಬಿನಲ್ಲಿ ದುಡ್ಡಿಟ್ಟುಕೊಂಡವನು ರೈಲಿನಲ್ಲಿ ರೇಟು ಹೇಳಬಾರದು ಎಂಬುದು ಅವರ ಕಾನೂನು.

ರಾಮನಗರದಲ್ಲಿ ಇಳಿದೆ. ಈ ಊರು ತಾನಾಗಿ ಬೆಳೆದದ್ದಲ್ಲ, ರಸ್ತೆ ಕಾಯಲೆಂದು ಕೂರಿಸಿದ್ದು. ಶ್ರೀರಂಗಪಟ್ಟಣ 1799ರಲ್ಲಿ ಬಿತ್ತು. ಬೆಂಗಳೂರಿನಿಂದ ಅತ್ತ ಹೋಗುವ ಹೆದ್ದಾರಿ ಇಲ್ಲಿ ಬಂಡೆ, ಕಾಡುಗಳ ನಡುವೆ ಹಾಯುತ್ತಿತ್ತು. ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಜನ ನೆಲೆಸಿದರೆ ದಾರಿ ಭದ್ರವಾಗುತ್ತದೆಂದು ದಿವಾನ್ ಪೂರ್ಣಯ್ಯ 1800ರಲ್ಲಿ ಪೇಟೆ ಕಟ್ಟಿಸಿ, ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು. ಹೀಗಾಗಿ ಇದು ಕ್ಲೋಸ್‌ಪೇಟೆ. ನಮ್ಮ ತಾತ ಸಾಯುವವರೆಗೂ ಹಾಗೇ ಕರೆದರು. ಇಂಗ್ಲಿಷ್ ಅಕ್ಷರ ಕಲಿತ ಹೊಸದರಲ್ಲಿ ನಾನು ಅದನ್ನು ಬಾಗಿಲು ಹಾಕಿದ ಪೇಟೆ ಎಂದೇ ತಿಳಿದಿದ್ದೆ!

ಇದೇ ಸೀಮೆಯ ಕೆಂಗಲ್ ಹನುಮಂತಯ್ಯನವರು ಅದನ್ನು ರಾಮನಗರ ಮಾಡಿದರು. 2007ರಲ್ಲಿ ಅದೇ ಹೆಸರು ಜಿಲ್ಲೆಗೂ ಬಂತು, 2025ರಲ್ಲಿ ಸರ್ಕಾರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದಿತು. ಕ್ಲೋಸ್ ಸಾಹೇಬ ಮಾತ್ರ ಬಂಡೆಯೊಳಗೆ ಅವಿತು ಕೂತಿದ್ದಾನೆ: ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ‘ಶೋಲೆ’ಯ ಗಬ್ಬರ್ ಸಿಂಗ್ ಅಡ್ಡಾಡಿದ್ದೂ ಇದೇ ಕಲ್ಲಿನ ಮೇಲೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದು ನನಗೆ ಸಿನಿಮಾಕ್ಕಿಂತ ದೊಡ್ಡ ಸಂಗತಿ. ಆದರೆ ಬೆಟ್ಟ ಹತ್ತುವ ಮಂಡಿ ನನಗಿಲ್ಲ. ಸೀದಾ ಗೂಡಿನ ಮಾರುಕಟ್ಟೆಗೆ ಹೋದೆ.

ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ. ಅದಕ್ಕೆ ಹೆಸರಿಡಲು ನನಗೆ ಇವತ್ತಿಗೂ ಆಗಿಲ್ಲ. ಹಿಪ್ಪುನೇರಳೆ ಸೊಪ್ಪು, ಹುಳದ ಹಿಕ್ಕೆ, ಗೋಣಿಚೀಲ ಎಲ್ಲ ಸೇರಿದ್ದು. ಟಿಪ್ಪು ಬಂಗಾಳದಿಂದ ಹುಳು ತರಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಆ ಹುಳ ಸಾಕಿದ ಮನೆಯಲ್ಲಿ ಬಾಳುವುದು ಹೇಗಿತ್ತೆಂದು ಹೇಳುವವರು ಕಡಿಮೆ. ನಡುಮನೆ ಹುಳಕ್ಕೆ, ಜಗಲಿ ನಮಗೆ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ‘ಮೂರನೇ ಜ್ವರಕ್ಕೆ ಕೂತವೆ’ ಎಂದರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ. ಘಾಟು ತಾಗೀತೆಂದು ಅವ್ವ ಒಗ್ಗರಣೆ ಹಾಕುತ್ತಿರಲಿಲ್ಲ, ನೆಂಟರನ್ನೂ ಹೊಸಿಲಾಚೆಯೇ ಮಾತಾಡಿಸಿ ಕಳಿಸುತ್ತಿದ್ದಳು. ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕಿದಷ್ಟೂ ಸಾಲದು. ಹುಳ ಹಣ್ಣಾಗಿ ಮೈ ಹೊಳೆಯತೊಡಗಿದಾಗ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡುವ ಕೆಲಸ ಮಕ್ಕಳದು. ಅವತ್ತು ಶಾಲೆಗೆ ರಜ, ಮೇಷ್ಟರೂ ಕೇಳುತ್ತಿರಲಿಲ್ಲ.

ಗೂಡಾಯಿತೆಂದು ನೆಮ್ಮದಿಯಿಂದ ಕೂರುವಂತೆಯೂ ಇಲ್ಲ. ಹತ್ತು ದಿನ ತಡೆದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆ ಬಿಚ್ಚಲಾಗದು. ಬಿಡಿಸಿದ ಗೂಡು ಎರಡು ಮೂರು ದಿನದಲ್ಲಿ ನೂಲು ಬಿಚ್ಚುವ ರೀಲರ್ ಕೈ ಸೇರಬೇಕು. ಬೆಳೆ ಯಾವುದೇ ಇರಲಿ, ದಾರಿಯ ಮೇಲಿನ ಊರಿಗೆ ಓಡಬೇಕಾದದ್ದು ಗೂಡಿನಷ್ಟು ಇನ್ನೊಂದಿಲ್ಲ. ಏಷ್ಯಾದಲ್ಲೇ ದೊಡ್ಡದೆನ್ನುವ ಗೂಡಿನ ಮಾರುಕಟ್ಟೆ ರೈಲು, ರಸ್ತೆ ಎರಡೂ ಇರುವ ಈ ಪೇಟೆಗೆ ಒಗ್ಗಿದ್ದು ಸುಮ್ಮನೆ ಅಲ್ಲ. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕೆಂಬ ಕಟ್ಟಳೆಯ ಬೇರು 1959ರ ಕಾಯ್ದೆಯಲ್ಲಿದೆ. ಅಪ್ಪನ ಕಾಲದಲ್ಲಿ ಹರಾಜೆಂದರೆ ಕೂಗಾಟ. ಈಗ ರೀಲರುಗಳು ಲಾಟಿನಲ್ಲಿ ಕೈಯಾಡಿಸಿ, ಒಂದು ಗೂಡು ಕಿವಿಯ ಹತ್ತಿರ ಅಲ್ಲಾಡಿಸಿ, ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ಗದ್ದಲವಿಲ್ಲ, ರೈತರ ಮುಖದಲ್ಲಿ ಆತಂಕ ಮಾತ್ರ ಹಳೆಯದೇ.

ಅಲ್ಲಿಂದ ಕೆಂಪು ಬಸ್ಸು, ಹಳೆಯ ರಸ್ತೆ. ದಾರಿಯಲ್ಲಿ ಕೆಂಗಲ್ಲು ಆಂಜನೇಯನಿಗೆ ಬಸ್ಸಿನಿಂದಲೇ ಕೈ ಮುಗಿದೆ.

ಚನ್ನಪಟ್ಟಣವೆಂದರೆ ಎಲ್ಲರಿಗೂ ಗೊಂಬೆ. ಆದರೆ 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟದ್ದು ಬೇರೆ: ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಮತ್ತೆ ಒಂದು ಮನೆತನದವರಷ್ಟೇ ಬಲ್ಲ ಗುಟ್ಟಿನಲ್ಲಿ ಮಾಡುತ್ತಿದ್ದ ಬಿಳಿ ಸಕ್ಕರೆ. ಆ ತಂತಿ ದೂರದೂರದ ಸೀಮೆಗಳಿಗೆ ಹೋಗುತ್ತಿತ್ತು. ಇಲ್ಲೇ ಬೆಳೆದ ನಾನು ಇದನ್ನು ಓದಿದ್ದು ಐವತ್ತು ದಾಟಿದ ಮೇಲೆ. ತಂತಿ ಹೋಯಿತು, ಸಕ್ಕರೆ ಹೋಯಿತು, ಅರಗಿನ ಕೆಲಸ ಉಳಿಯಿತು.

ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ, ಉಳಿ ಹಿಡಿದು ಆಕಾರ ತೆಗೆಯುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಒಣ ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಬ್ರಷ್ಷಿಲ್ಲ, ಬೆಂಕಿಯಿಲ್ಲ. ಮಗು ಬಾಯಿಗಿಟ್ಟುಕೊಂಡರೂ ಹೆದರಿಕೆಯಿಲ್ಲದ ಬಣ್ಣ. ಇದಕ್ಕೆ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಹಳೆಯ ಹೆದ್ದಾರಿಯ ಪಕ್ಕದ ಗೊಂಬೆ ಅಂಗಡಿಗಳ ಸಾಲಿನಲ್ಲಿ ಕೆಲವಕ್ಕೆ ಶಟರ್ ಎಳೆದಿತ್ತು. ತೆರೆದಿದ್ದ ಒಂದರಲ್ಲಿ ಮೊಮ್ಮಗಳಿಗೆ ಬುಗುರಿ ಆರಿಸುತ್ತಿದ್ದೆ. ಅಂಗಡಿಯವರು, “ಮುಂಚೆ ಶನಿವಾರ ಬಂದ್ರೆ ನಿಮ್ಮ ಜೊತೆ ಮಾತಾಡೋಕೆ ಪುರುಸೊತ್ತು ಇರ್ತಿರ್ಲಿಲ್ಲ ಅಕ್ಕ” ಎಂದರು. 2023ರ ಮಾರ್ಚಿನಲ್ಲಿ ಹತ್ತು ಪಥದ ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್. ಊರೊಳಗೆ ಲಾರಿ ಕಾಟ ತಪ್ಪಿತು, ರಸ್ತೆ ದಾಟುವ ಮಕ್ಕಳು ಬದುಕಿದರು, ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ಮೈಸೂರಿಗೆ ಹೊರಟವರು ಟೀಗೆ ನಿಂತಾಗ ಕೊಳ್ಳುತ್ತಿದ್ದ ವಸ್ತು ಗೊಂಬೆ. ಅದನ್ನು ಹುಡುಕಿಕೊಂಡು ಬರುವವರು ಎಷ್ಟು ಜನ? ರಸ್ತೆ ಕಾಯಲು ಊರು ಕಟ್ಟಿದ್ದ ಸೀಮೆಯಲ್ಲಿ ರಸ್ತೆಯೇ ಊರು ಬಿಟ್ಟು ಹೊರಟಿದೆ. ಅಂಗಡಿಯವರಿಗೆ ಪೂರ್ಣಯ್ಯನ ಕಥೆ ಹೇಳಿದೆ. ನಕ್ಕು, ಬುಗುರಿಯ ಬೆಲೆಯಲ್ಲಿ ಹತ್ತು ರೂಪಾಯಿ ಬಿಟ್ಟರು.

ಸಂಜೆ ಮತ್ತೆ ರೈಲು. ರಾಮನಗರದಲ್ಲಿ ನನ್ನ ಎದುರಿನ ಸೀಟಿಗೆ ಇಬ್ಬರು ಬಂದು ಕೂತರು, ಕಂಕುಳಲ್ಲಿ ಮಡಿಸಿದ ಖಾಲಿ ಚೀಲ. ಮುಖ ನೋಡುವ ಮೊದಲೇ ಮೂಗು ಗುರುತು ಹಿಡಿಯಿತು. ತಡೆಯಲಾರದೆ, “ಎಷ್ಟಕ್ಕೆ ಹೋಯ್ತಪ್ಪ?” ಎಂದೆ.

ಹಿರಿಯವನು ಕಿಟಕಿಯ ಕಡೆ ತಿರುಗಿದ. “ಏನೋ ಬುಡಮ್ಮ, ಹೋಯ್ತು.”