ವರ್ಸೈಲ್ಸ್ ಅರಮನೆಯ ಆ ರಾತ್ರಿ

1973ರ ನವೆಂಬರ್ 28. ಪ್ಯಾರಿಸ್ ಬಳಿಯ ವರ್ಸೈಲ್ಸ್ ಅರಮನೆಯ ರಂಗಮಂದಿರದಲ್ಲಿ ಸುಮಾರು 700 ಅತಿಥಿಗಳು ಸೇರಿದ್ದರು. ಮೊನಾಕೊದ ಗ್ರೇಸ್, ಕಲಾವಿದ ಆಂಡಿ ವಾರ್ಹಾಲ್ ಅವರಲ್ಲಿದ್ದರು. ಅರಮನೆಯ ದುರಸ್ತಿಗೆ ಹಣ ಕೂಡಿಸಲು ಫ್ರಾನ್ಸಿನ ಐವರು ಮತ್ತು ಅಮೆರಿಕದ ಐವರು ವಸ್ತ್ರವಿನ್ಯಾಸಕರ ಜಂಟಿ ಪ್ರದರ್ಶನ ಏರ್ಪಟ್ಟಿತ್ತು.

ಸೇಂಟ್ ಲಾರೆಂಟ್, ಜಿವಾಂಶಿ ಮೊದಲಾದವರ ಕೀರ್ತಿ ನಿಂತಿದ್ದು ಗಿರಾಕಿಯ ಮೈಯಳತೆಗೆ ಕೈಯಲ್ಲಿ ಹೊಲಿದ ಉಡುಪಿನ ಮೇಲೆ. ಹಾಲ್‌ಸ್ಟನ್, ಆನ್ ಕ್ಲೈನ್, ಸ್ಟೀಫನ್ ಬರೋಸ್ ಮಾಡುತ್ತಿದ್ದುದು ಅಂಗಡಿಯಲ್ಲಿ ಸಿಗುವ ಸಿದ್ಧ ಉಡುಪು. ಪ್ಯಾರಿಸ್ಸಿಗೆ ಅವರ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ.

ಫ್ರೆಂಚರ ಪ್ರದರ್ಶನ ವಾದ್ಯವೃಂದ, ಕುಂಬಳಕಾಯಿ ರಥ, ರಾಕೆಟ್‌ಗಳೊಂದಿಗೆ ಎರಡು ಗಂಟೆ ಮೀರಿತು. ಅಮೆರಿಕನ್ನರ ಪರದೆಯೋ, ಅಡಿ-ಮೀಟರ್ ಗೊಂದಲದಲ್ಲಿ ಗಿಡ್ಡವಾಗಿಬಿಟ್ಟಿತ್ತು. ಹೆಚ್ಚುಕಡಿಮೆ ಬರಿದಾದ ವೇದಿಕೆಯಲ್ಲಿ, ಮುದ್ರಿತ ಸಂಗೀತಕ್ಕೆ, ಅವರು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಸಿದರು. ಅವರ 36 ರೂಪದರ್ಶಿಯರಲ್ಲಿ ಸುಮಾರು ಹತ್ತು ಮಂದಿ ಕಪ್ಪು ವರ್ಣೀಯರು. ಪ್ಯಾಟ್ ಕ್ಲೀವ್‌ಲ್ಯಾಂಡ್ ಗಿರಗಿರನೆ ತಿರುಗಿದರು. ಬೆಥಾನ್ ಹಾರ್ಡಿಸನ್ ಸಭೆಯನ್ನು ದಿಟ್ಟಿಸಿ ನಡೆದರು. ಪ್ರೇಕ್ಷಕರು ಎದ್ದುನಿಂತು ಕೈಲಿದ್ದ ಕಾರ್ಯಕ್ರಮ ಪತ್ರಿಕೆಗಳನ್ನು ಮೇಲಕ್ಕೆ ತೂರಿದರು.

ಸಿದ್ಧ ಉಡುಪಿಗೆ ಆ ರಾತ್ರಿ ದಕ್ಕಿದ ಮಾನ ಉಳಿಯಿತು. ಅದನ್ನು ಗೆದ್ದುಕೊಟ್ಟ ಹೆಣ್ಣುಮಕ್ಕಳಿಗೆ ತೆರೆದ ಬಾಗಿಲು ಮಾತ್ರ ಮತ್ತೆ ಕಿರಿದಾಯಿತು. ನಲವತ್ತು ವರ್ಷಗಳ ನಂತರ, 2013ರಲ್ಲಿ, ಅದೇ ಹಾರ್ಡಿಸನ್ ನ್ಯೂಯಾರ್ಕ್, ಲಂಡನ್, ಪ್ಯಾರಿಸ್, ಮಿಲಾನ್‌ಗಳ ಫ್ಯಾಷನ್ ಮಂಡಳಿಗಳಿಗೆ ಬಹಿರಂಗ ಪತ್ರ ಬರೆಯಬೇಕಾಯಿತು. ಕಪ್ಪು ವರ್ಣದ ರೂಪದರ್ಶಿಯರನ್ನು ಒಬ್ಬರಿಗೆ ಸೀಮಿತಗೊಳಿಸುವುದು, ಇಲ್ಲವೇ ಪೂರ್ತಿ ಕೈಬಿಡುವುದು ಜನಾಂಗಭೇದವೇ ಎಂಬುದು ಆ ಪತ್ರದ ದೂರು.