ಊರು ಕಟ್ಟುವವರ ಸಂತೆ

ನವೆಂಬರ್ 14 ಹತ್ತಿರ ಬಂತೆಂದರೆ ದೆಹಲಿಯ ಕನ್ನಡಿಗರಿಗೆ ಪ್ರಗತಿ ಮೈದಾನದ ನೆನಪಾಗುವುದು ಸಹಜ. 1980ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ವ್ಯಾಪಾರ ಮೇಳಕ್ಕೆ ಹೆಂಡತಿ ಮಕ್ಕಳೊಡನೆ ಹೋಗಿ, ಕರ್ನಾಟಕದ ಮಂಟಪವನ್ನು ಹುಡುಕಿ, ಗಂಧದ ಸಾಬೂನನ್ನೋ ಚನ್ನಪಟ್ಟಣದ ಗೊಂಬೆಯನ್ನೋ ಕೊಂಡು, ಕಾಲು ನೋಯಿಸಿಕೊಂಡು ಮನೆಗೆ ಮರಳದ ಕುಟುಂಬ ನಮ್ಮಲ್ಲಿ ವಿರಳ. ಆದರೆ ಮೇಳದ ಮೊದಲ ಕೆಲವು ದಿನಗಳು ನಮ್ಮಂಥವರಿಗಲ್ಲ, ವ್ಯಾಪಾರಿಗಳಿಗೆ ಮೀಸಲು. ಆ ದಿನಗಳಲ್ಲಿ ಅಲ್ಲಿ ಸಾಬೂನು ಮಾರಾಟವಾಗುವುದಕ್ಕಿಂತ ಹೆಚ್ಚಾಗಿ ಪರಿಚಯಗಳು ಬೆಳೆಯುತ್ತವೆ, ವಿಳಾಸದ ಚೀಟಿಗಳು ಕೈಬದಲಾಗುತ್ತವೆ, ಮುಂದೆಂದೋ ಸಹಿ ಬೀಳಲಿರುವ ಕರಾರುಗಳ ಮೊದಲ ಮಾತು ನಡೆಯುತ್ತದೆ. ಅಂತರರಾಷ್ಟ್ರೀಯ ಪ್ರದರ್ಶನಗಳ ನಿಜವಾದ ಕೆಲಸ ಇದೇ.

ಪ್ರದರ್ಶನವೆಂಬುದು ದೇಶವೊಂದು ತನ್ನನ್ನು ತಾನೇ ಜಗತ್ತಿಗೆ ತೋರಿಸಿಕೊಳ್ಳುವ ರೀತಿಯೂ ಹೌದು. 1972ರಲ್ಲಿ ಇದೇ ಪ್ರಗತಿ ಮೈದಾನದಲ್ಲಿ ಏಷ್ಯಾ-72 ಮೇಳ ನಡೆದಾಗ, ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಇಂಜಿನಿಯರ್ ಮಹೇಂದ್ರ ರಾಜ್ ಅವರು ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು ನಿರ್ಮಿಸಿದರು. ಬೇರೆ ದೇಶಗಳಲ್ಲಿ ಉಕ್ಕಿನಿಂದ ಮಾಡುವ ಜಾಲರಿಯ ಚಾವಣಿಯನ್ನು, ಉಕ್ಕು ದುಬಾರಿಯಾಗಿದ್ದ ನಮ್ಮ ದೇಶದಲ್ಲಿ, ಕೂಲಿಗಳ ಕೈಯಿಂದಲೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯಿಸಿದ ಸಾಹಸ ಅದು. 2017ರ ಏಪ್ರಿಲ್‌ನಲ್ಲಿ ಆ ಕಟ್ಟಡವನ್ನು ಕೆಡವಿದರು. ಆದರೂ ಅದು ಹೇಳಿದ ಮಾತು ಸ್ಪಷ್ಟವಾಗಿತ್ತು: ನಮಗೆ ಕಟ್ಟಲು ಬರುತ್ತದೆ.

ಹಾಗಾದರೆ ಯುದ್ಧದಲ್ಲಿ ಹಾಳಾದ ದೇಶ ಪ್ರದರ್ಶನದಲ್ಲಿ ಏನನ್ನು ತೋರಿಸಬೇಕು? ಸುಟ್ಟ ಗಿರಣಿಯನ್ನೇ, ಮುರಿದ ಸೇತುವೆಯನ್ನೇ? ಈ ಪ್ರಶ್ನೆಗೆ ಇತಿಹಾಸದಲ್ಲಿ ಎರಡು ಬಗೆಯ ಉತ್ತರಗಳಿವೆ. ಒಂದು ಜರ್ಮನಿಯ ಹ್ಯಾನೋವರ್ ನಗರದ್ದು, ಇನ್ನೊಂದು ಇರಾಕಿನದು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಹ್ಯಾನೋವರಿನ ಮೀನಿನ ರೊಟ್ಟಿ

ಎರಡನೆಯ ಮಹಾಯುದ್ಧದಲ್ಲಿ ಹ್ಯಾನೋವರಿನ ಮಧ್ಯಭಾಗ ಬಹುಮಟ್ಟಿಗೆ ನೆಲಸಮವಾಗಿತ್ತು. ಜರ್ಮನಿ ನಾಲ್ಕು ಪಾಲಾಗಿತ್ತು. ಶತಮಾನಗಳಿಂದ ಮೇಳಕ್ಕೆ ಹೆಸರಾದ ಲೈಪ್‌ಸಿಗ್ ನಗರ ರಷ್ಯನ್ನರ ವಲಯಕ್ಕೆ ಸೇರಿಹೋಯಿತು. ಹ್ಯಾನೋವರ್ ಇದ್ದದ್ದು ಬ್ರಿಟಿಷರ ವಲಯದಲ್ಲಿ. ಸೋತವರಿಗೆ ಅನ್ನ ಹಾಕುವ ಖರ್ಚು ಬ್ರಿಟಿಷ್ ಬೊಕ್ಕಸಕ್ಕೆ ಹೊರೆಯಾಗಿತ್ತು. ಜರ್ಮನರು ತಾವೇ ದುಡಿದು ವಿದೇಶಿ ಹಣ ಗಳಿಸಿ ತಮ್ಮ ಅನ್ನ ತಾವು ಕೊಂಡುಕೊಳ್ಳಲಿ ಎಂಬ ಲೆಕ್ಕಾಚಾರದಿಂದ ಬ್ರಿಟಿಷ್ ಸೇನಾಡಳಿತ 1947ರಲ್ಲಿ ಅಲ್ಲೊಂದು ರಫ್ತು ಮೇಳವನ್ನು ಏರ್ಪಡಿಸಿತು. ಇದರಲ್ಲಿ ಔದಾರ್ಯಕ್ಕಿಂತ ಗುಮಾಸ್ತನ ಲೆಕ್ಕವೇ ಹೆಚ್ಚೆಂದು ಹೇಳಬೇಕು. ಆದರೆ ಲೆಕ್ಕ ಸರಿಯಾಗಿತ್ತು.

ನಗರದ ಅಂಚಿನ ಲಾಟ್ಸೆನ್ನಿನಲ್ಲಿ ಹಗುರ ಲೋಹದ ಹಳೆಯ ಕಾರ್ಖಾನೆಯೊಂದರ ಶೆಡ್ಡುಗಳು ಉಳಿದುಕೊಂಡಿದ್ದವು. ಅವನ್ನೇ ಗುಡಿಸಿ ಸಾರಿಸಿ ಮಳಿಗೆಗಳನ್ನಾಗಿ ಮಾಡಿದರು. 1947ರ ಆಗಸ್ಟ್ 18ರಂದು ತೆರೆದ ಮೇಳ ಮೂರು ವಾರ ನಡೆಯಿತು. ಸುಮಾರು 1,300 ಸಂಸ್ಥೆಗಳು ತಮ್ಮ ಸರಕನ್ನು ಇಟ್ಟವು. ಏಳು ಲಕ್ಷಕ್ಕೂ ಮಿಕ್ಕ ಜನ ಬಂದು ನೋಡಿದರು. ಸುಮಾರು 3 ಕೋಟಿ 16 ಲಕ್ಷ ಡಾಲರುಗಳ ರಫ್ತು ಕರಾರುಗಳಾದವು. ಪಡಿತರದ ಕಾಲವಾದ್ದರಿಂದ, ಚೀಟಿಯಿಲ್ಲದೆ ದೊರೆಯುತ್ತಿದ್ದ ಮೀನಿಟ್ಟ ರೊಟ್ಟಿಗೆ ಜನ ಮುಗಿಬಿದ್ದರಂತೆ. ಮೇಳಕ್ಕೆ ‘ಮೀನಿನ ರೊಟ್ಟಿಯ ಮೇಳ’ ಎಂಬ ಅಡ್ಡಹೆಸರೇ ಬಿತ್ತು. ಹೊಸ ಜರ್ಮನ್ ಮಾರ್ಕು ನಾಣ್ಯ ಚಲಾವಣೆಗೆ ಬರಲು ಇನ್ನೂ ಹತ್ತು ತಿಂಗಳಿತ್ತು, ಮಾರ್ಷಲ್ ಯೋಜನೆಯ ಹಣವೂ ಇನ್ನೂ ಬಂದಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ನಾಲ್ಕು ವರ್ಷಗಳ ಅನಂತರ, 1951ರಲ್ಲಿ, ಅದೇ ನಗರ ‘ಕನ್‌ಸ್ಟ್ರುಕ್ಟಾ’ ಎಂಬ ಕಟ್ಟಡ ಪ್ರದರ್ಶನವನ್ನು ನಡೆಸಿತು. ನಗರ ಯೋಜನೆಯ ಹೊಣೆ ಹೊತ್ತಿದ್ದವರು ರುಡಾಲ್ಫ್ ಹಿಲ್ಲೆಬ್ರೆಕ್ಟ್. ಅಲ್ಲಿ ಸಿಮೆಂಟು, ಇಟ್ಟಿಗೆ, ಯಂತ್ರಗಳ ಮಾದರಿಗಳಷ್ಟೇ ಇರಲಿಲ್ಲ. ನಿಜವಾದ ಮನೆಗಳೇ ಪ್ರದರ್ಶನದ ವಸ್ತುಗಳಾದವು. ಹಳೆಯ ಪೇಟೆಯಲ್ಲಿ ಕ್ರಾಯ್ಟ್ಸ್ ಚರ್ಚಿನ ಸುತ್ತಲಿನ ಕೇರಿ ಬಾಂಬಿಗೆ ತುತ್ತಾಗಿತ್ತು. ಅಲ್ಲಿನ ಚಿಕ್ಕಪುಟ್ಟ ನಿವೇಶನಗಳ ಒಡೆಯರು ಸಹಕಾರಿ ಸಂಘ ಕಟ್ಟಿಕೊಂಡು, ತಮ್ಮ ತಮ್ಮ ತುಂಡುಭೂಮಿಗಳನ್ನು ಒಟ್ಟುಗೂಡಿಸಿ, ಅಂಗಳವಿರುವ ಹೊಸ ಮನೆಗಳನ್ನು ಕಟ್ಟಿಸಿದರು. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ಸಾಗಿಸುವುದು ಏನೂ ಇರಲಿಲ್ಲ. ಪ್ರದರ್ಶನದ ವಸ್ತುವಿನೊಳಗೇ ಜನ ಸಂಸಾರ ಹೂಡಿದರು.

ಬಾಗ್ದಾದಿನ ಬಾಕಿ

ಇರಾಕಿನ ಕಥೆ ಬಡತನದಿಂದ ಆರಂಭವಾಗುವುದಿಲ್ಲ. 1972ರಲ್ಲಿ ಆ ದೇಶ ತನ್ನ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿಕೊಂಡಿತು. 1973ರಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿತು. ರಸ್ತೆ, ರೈಲು, ವಸತಿ, ಆಸ್ಪತ್ರೆ ಎಂದು ಕೈತುಂಬ ಕೆಲಸ. ಬಾಗ್ದಾದಿನ ಅಂತರರಾಷ್ಟ್ರೀಯ ಮೇಳಕ್ಕೆ ಕಂಪೆನಿಗಳು ದೇಶದೇಶಗಳಿಂದ ಬಂದವು. ನಮ್ಮ ಕೇಂದ್ರ ಸರ್ಕಾರದ ಇರ್ಕಾನ್, ಇಂಜಿನಿಯರಿಂಗ್ ಪ್ರಾಜೆಕ್ಟ್ಸ್ ಮುಂತಾದ ಸಂಸ್ಥೆಗಳೂ ಖಾಸಗಿ ಕಂಪೆನಿಗಳೂ ಅಲ್ಲಿ ಗುತ್ತಿಗೆ ಹಿಡಿದವು. ನಮ್ಮ ಇಂಜಿನಿಯರುಗಳು, ಬಡಗಿಗಳು, ಗಾರೆಯವರು ಸಾವಿರಗಟ್ಟಲೆ ಹೋದರು.

1980ರಲ್ಲಿ ಇರಾನಿನೊಡನೆ ಯುದ್ಧ ಹತ್ತಿಕೊಂಡಿತು. ಅದು ಎಂಟು ವರ್ಷ ನಡೆದು ಇರಾಕಿನ ಕೈಬರಿದಾಯಿತು. ನಗದು ಕೊಡಲಾಗದೆ ಪಾವತಿಯನ್ನು ಮುಂದೂಡುವ ಒಪ್ಪಂದಗಳಾದವು. 1990ರ ಆಗಸ್ಟ್‌ನಲ್ಲಿ ಇರಾಕು ಕುವೈತಿನ ಮೇಲೆ ಏರಿಹೋದ ಮೇಲೆ ವಿಶ್ವಸಂಸ್ಥೆಯ ದಿಗ್ಬಂಧನ ಬಿದ್ದು ಆ ಪಾವತಿಯೂ ನಿಂತಿತು. ಕೆಲಸ ಮುಗಿಸಿ ಬಂದವರ ಬಾಕಿಯ ಕಡತಗಳು ವರ್ಷಗಟ್ಟಲೆ ಉಳಿದವು. ಮೇಳದಲ್ಲಿ ಗುತ್ತಿಗೆ ಹಿಡಿಯುವುದು ಒಂದು ದಿನದ ಸಂಭ್ರಮ, ಬಿಲ್ಲು ವಸೂಲಿ ಮಾಡುವುದು ಒಂದು ತಲೆಮಾರಿನ ಕೆಲಸ ಎಂಬ ಪಾಠವನ್ನು ನಾವು ಬಾಗ್ದಾದಿನಲ್ಲಿ ಕಲಿತೆವು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. 1991ರ ಬಾಂಬು ದಾಳಿಯಲ್ಲಿ ಬಾಗ್ದಾದಿನ ಜುಲೈ 14ರ ಹೆಸರಿನ ತೂಗುಸೇತುವೆ ಮುರಿದು ಬಿತ್ತು. ದಿಗ್ಬಂಧನದ ನಡುವೆ, ಹೊರಗಿನಿಂದ ಸಾಮಗ್ರಿ ಬರುವುದೇ ದುಸ್ತರವಾಗಿದ್ದಾಗ, ಇರಾಕಿನ ಇಂಜಿನಿಯರುಗಳೇ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಅವರಿಗೂ ಕಟ್ಟಲು ಬರುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕುವೈತಿನಲ್ಲಿ ಇರಾಕಿನ ಸಂತೆ

2003ರ ಏಪ್ರಿಲ್‌ನಲ್ಲಿ ಬಾಗ್ದಾದು ಅಮೆರಿಕದ ಸೇನೆಯ ವಶವಾಯಿತು. ಅದೇ ತಿಂಗಳು ಅಮೆರಿಕ ಸರ್ಕಾರ ತಾನೇ ಆರಿಸಿ ಕರೆದ ಕೆಲವೇ ಕಂಪೆನಿಗಳಿಂದ ದರ ಪಡೆದು, ಬೆಕ್ಟೆಲ್ ಕಂಪೆನಿಗೆ 68 ಕೋಟಿ ಡಾಲರುಗಳವರೆಗಿನ ಗುತ್ತಿಗೆ ಕೊಟ್ಟಿತು. ಮೇ ತಿಂಗಳಿನಲ್ಲಿ ಉಪಗುತ್ತಿಗೆ ಬಯಸುವವರಿಗಾಗಿ ವಾಷಿಂಗ್‌ಟನ್, ಲಂಡನ್ ಮತ್ತು ಕುವೈತಿನಲ್ಲಿ ಸಭೆಗಳು ನಡೆದವು. ಸೆಪ್ಟೆಂಬರಿನಲ್ಲಿ ಬಾಗ್ದಾದಿನ ಅಮೆರಿಕನ್ ಆಡಳಿತ ಹೊರಡಿಸಿದ 39ನೆಯ ಆಜ್ಞೆ, ಎಣ್ಣೆಯಂಥ ನಿಸರ್ಗ ಸಂಪತ್ತನ್ನು ಹೊರತುಪಡಿಸಿ ಬಹುತೇಕ ಉದ್ಯಮಗಳಲ್ಲಿ ವಿದೇಶಿಯರಿಗೆ ನೂರಕ್ಕೆ ನೂರು ಒಡೆತನದ ಅವಕಾಶ ನೀಡಿತು. ಡಿಸೆಂಬರಿನಲ್ಲಿ, 1,860 ಕೋಟಿ ಡಾಲರುಗಳ ಮುಖ್ಯ ಗುತ್ತಿಗೆಗಳಿಗೆ 63 ದೇಶಗಳವರು ಮಾತ್ರ ಅರ್ಹರೆಂದು ಅಮೆರಿಕದ ರಕ್ಷಣಾ ಇಲಾಖೆ ಪಟ್ಟಿ ಪ್ರಕಟಿಸಿತು. ಪಟ್ಟಿಯಲ್ಲಿ ಪೆಸಿಫಿಕ್ ಸಾಗರದ ಪುಟ್ಟ ಟೋಂಗಾ ಇತ್ತು. ಯುದ್ಧವನ್ನು ವಿರೋಧಿಸಿದ ಫ್ರಾನ್ಸ್, ಜರ್ಮನಿ, ರಷ್ಯಗಳು ಇರಲಿಲ್ಲ. ಸೇನೆ ಕಳುಹಿಸಲು ಒಪ್ಪದ ಭಾರತವೂ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಪ್ರದರ್ಶನದ ಸರದಿ. ‘ಇರಾಕನ್ನು ಮತ್ತೆ ಕಟ್ಟೋಣ’ ಎಂಬ ಅರ್ಥದ ಹೆಸರಿನ ಮೇಳ 2004ರ ಜನವರಿಯಲ್ಲಿ ಏರ್ಪಟ್ಟಿತು. ಸಾವಿರಕ್ಕೂ ಹೆಚ್ಚು ಕಂಪೆನಿಗಳು ಸೇರಿದವು. ಎಲ್ಲಿ? ಇರಾಕಿನಲ್ಲಲ್ಲ, ಕುವೈತಿನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಾಗ್ದಾದಿನಲ್ಲೇ ನಡೆಯಬೇಕೆಂದಿದ್ದ ಮತ್ತೊಂದು ಪ್ರದರ್ಶನ ಭದ್ರತೆಯ ಭಯದಿಂದ ನಡೆಯಲಿಲ್ಲ. 2005ರ ಮೇಳ ಜೋರ್ಡಾನಿನ ಅಮ್ಮಾನಿಗೆ ಹೋಯಿತು. ಮನೆ ಒಬ್ಬರದು, ಅದನ್ನು ಕಟ್ಟುವ ಮಾತುಕತೆ ನೆರೆಮನೆಯ ಜಗಲಿಯಲ್ಲಿ. ಮುಖ್ಯ ಗುತ್ತಿಗೆ ಎಂದೋ ಹಂಚಿಹೋಗಿತ್ತು. ಮೇಳದಲ್ಲಿ ಉಳಿದದ್ದು ಉಪಗುತ್ತಿಗೆ, ಅದರ ಕೆಳಗಿನ ಉಪಗುತ್ತಿಗೆ. ತೂಗುಸೇತುವೆಯನ್ನು ಕಟ್ಟಿದ್ದ ಇರಾಕಿಗಳು ಬಹುಮಟ್ಟಿಗೆ ಆ ಸಾಲಿನ ಕೊನೆಯಲ್ಲಿ ನಿಂತರು.

ಪರಿಣಾಮವೇನು? ಈ ಕೆಲಸಗಳ ಮೇಲ್ವಿಚಾರಣೆಗೆಂದು ಅಮೆರಿಕದ ಶಾಸನಸಭೆ ರಚಿಸಿದ್ದ ಕಚೇರಿಯ ವಿಶೇಷ ತಪಾಸಣಾಧಿಕಾರಿ 2013ರ ಮಾರ್ಚ್‌ನಲ್ಲಿ ಅಂತಿಮ ವರದಿಗಳಲ್ಲೊಂದನ್ನು ನೀಡಿದರು. ಅಮೆರಿಕ ಖರ್ಚು ಮಾಡಿದ್ದು ಸುಮಾರು 6,000 ಕೋಟಿ ಡಾಲರು. ಅದರಲ್ಲಿ ಪೋಲಾದದ್ದು ಕಡಮೆಯೆಂದರೂ 800 ಕೋಟಿ ಎಂಬುದು ಅವರ ಅಂದಾಜು. ಖಾನ್ ಬನಿ ಸಾದ್ ಎಂಬಲ್ಲಿ 4 ಕೋಟಿ ಡಾಲರು ಸುರಿದ ಸೆರೆಮನೆಯೊಂದು ಅರ್ಧಕ್ಕೇ ನಿಂತು ಪಾಳುಬಿತ್ತು. ಅನೇಕ ಗುತ್ತಿಗೆಗಳಲ್ಲಿ ಆದ ಖರ್ಚಿನ ಮೇಲೆ ಲಾಭ ಸೇರಿಸಿ ಕೊಡುವ ಪದ್ಧತಿ ಇತ್ತು. ಖರ್ಚನ್ನು ಹಿಡಿತದಲ್ಲಿಡುವ ಆಸೆ ಯಾರಿಗೆ ತಾನೇ ಇದ್ದೀತು? ಕಾವಲುಗಾರರ ಸಂಬಳ, ವಿಮೆ, ಸಾಗಾಟ ಇವೇ ಹಣವನ್ನು ನುಂಗಿದವು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಎರಡು ಸಂತೆಗಳ ನಡುವೆ

ಈ ಹೋಲಿಕೆ ಪೂರ್ತಿ ಸಮವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹ್ಯಾನೋವರಿನಲ್ಲಿ ಮೇಳ ನಡೆದಾಗ ಯುದ್ಧ ಮುಗಿದಿತ್ತು, ಇರಾಕಿನಲ್ಲಿ ನಿಜವಾದ ಯುದ್ಧ ಆಗಷ್ಟೇ ಆರಂಭವಾಗುತ್ತಿತ್ತು. ಜರ್ಮನಿಯ ನೆರವಿಗೆ 1948ರಿಂದ ಮಾರ್ಷಲ್ ಯೋಜನೆಯ ಹಣ ಬಂತು. ಹ್ಯಾನೋವರಿನ ಮೇಳವನ್ನೂ ನಡೆಸಿದ್ದು ಪರಕೀಯ ಸೇನೆಯೇ. ಒಂದು ಕಡೆ ಮೇಳ ನಡೆಯುತ್ತಿದ್ದಾಗಲೇ ಇನ್ನೊಂದು ಕಡೆ ಯುದ್ಧ ಪರಿಹಾರವೆಂದು ಜರ್ಮನ್ ಕಾರ್ಖಾನೆಗಳನ್ನು ಕಳಚುತ್ತಿದ್ದರು. ವಿದೇಶಿ ಕಂಪೆನಿ ಬರುವುದೇ ಪಾಪ ಎಂದೂ ನಾನು ಹೇಳಲಾರೆ. ನಮ್ಮ ಇರ್ಕಾನ್ ಕೂಡ ಬಾಗ್ದಾದಿನಲ್ಲಿ ವಿದೇಶಿ ಕಂಪೆನಿಯೇ ಆಗಿತ್ತಲ್ಲ!

ಆದರೂ ಮುಖ್ಯ ವ್ಯತ್ಯಾಸವೊಂದು ಉಳಿಯುತ್ತದೆ. ಹ್ಯಾನೋವರಿನಲ್ಲಿ ಹಾಳಾದ ಊರಿನವರು ಮಳಿಗೆಯ ಒಳಗೆ ನಿಂತು ಮಾರಿದರು, ಹೊರಗಿನವರು ಕೊಂಡರು. ಕುವೈತಿನಲ್ಲಿ ಹೊರಗಿನವರು ಮಳಿಗೆಯ ಒಳಗಿದ್ದರು. ಹಾಳಾದ ಊರು ಗಿರಾಕಿಯೂ ಆಗಿರಲಿಲ್ಲ, ಸರಕಾಗಿತ್ತು. ಗಿರಾಕಿಗಾದರೂ ದರ ಕೇಳುವ, ಬೇಡವೆನ್ನುವ ಹಕ್ಕಿದೆ. ಹಣ ಕೊಡುವವರು, ಗುತ್ತಿಗೆ ಪಡೆಯುವವರು, ಕೆಲಸ ಒಪ್ಪಿಕೊಳ್ಳುವವರು ಎಲ್ಲರೂ ಹೊರಗಿನವರೇ ಆದಾಗ, ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಇರಾಕಿನ ಗೃಹಿಣಿ ಯಾರ ಬಾಗಿಲು ತಟ್ಟಬೇಕು?

ಈ ಪ್ರಶ್ನೆ ಹಳೆಯದಾಗಿಲ್ಲ. 2018ರ ಫೆಬ್ರವರಿಯಲ್ಲಿ ಕುವೈತಿನ ಸಮ್ಮೇಳನದಲ್ಲಿ ಇರಾಕಿಗೆ 8,800 ಕೋಟಿ ಡಾಲರು ಬೇಕೆಂದು ಕೇಳಲಾಯಿತು. ದೊರೆತ ವಾಗ್ದಾನ ಸುಮಾರು 3,000 ಕೋಟಿ, ಅದೂ ಬಹುಪಾಲು ಸಾಲ ಮತ್ತು ಬಂಡವಾಳದ ರೂಪದಲ್ಲಿ. 2023ರ ಫೆಬ್ರವರಿಯಲ್ಲಿ ಯುಕ್ರೇನಿನ ಪುನರ್ನಿರ್ಮಾಣದ ಪ್ರದರ್ಶನ ಪೋಲೆಂಡಿನ ವಾರ್ಸಾದಲ್ಲಿ ನಡೆಯಿತು. ಆಗ ಯುಕ್ರೇನಿನ ನಗರಗಳ ಮೇಲೆ ಕ್ಷಿಪಣಿಗಳು ಬೀಳುತ್ತಲೇ ಇದ್ದವು.

ಇಂಥ ಮೇಳಗಳಿಗೆ ನಮ್ಮ ಕಂಪೆನಿಗಳೂ ಹೋಗುತ್ತವೆ, ಹೋಗಬೇಕು. ಆದರೆ ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಗುತ್ತಿಗೆಗೆ ಸಹಿ ಹಾಕುವವನು ಆ ಊರಿನವನೇ? ಕೆಲಸ ಮುಗಿದ ಮೇಲೆ ಲೆಕ್ಕ ಯಾರಿಗೆ ಒಪ್ಪಿಸಬೇಕು? ಆ ಊರಿನ ಗಾರೆಯವನಿಗೆ, ಇಂಜಿನಿಯರಿಗೆ ಅದರಲ್ಲಿ ಪಾಲೇನು? ಮನೆ ಕಟ್ಟಿ ನೋಡು ಎಂಬ ಗಾದೆಯನ್ನು ನಮ್ಮವರು ಹೇಳಿದ್ದು ಕಟ್ಟಿಸುವ ಮನೆಯೊಡೆಯನಿಗೆ, ಮೇಸ್ತ್ರಿಗಲ್ಲ. ಕಷ್ಟವೂ ಅವನದು, ಅಧಿಕಾರವೂ ಅವನದು. ಕ್ರಾಯ್ಟ್ಸ್ ಚರ್ಚಿನ ಸುತ್ತಲಿನ ಮನೆಗಳಲ್ಲಿ ಇಂದಿಗೂ ಜನ ವಾಸಿಸುತ್ತಾರೆ. ಖಾನ್ ಬನಿ ಸಾದಿನ ಸೆರೆಮನೆಯಲ್ಲಿ ಒಬ್ಬ ಕೈದಿಯನ್ನೂ ಇಡಲಾಗಲಿಲ್ಲ.