ಖರ್ಜೂರದ ತೋಟ ಮತ್ತು ಮಾರುಕಟ್ಟೆಯ ದಾರಿ

ಕ್ರಿ.ಶ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ಹಿಜ್ರತ್ ಮಾಡಿದವರ ಕುರಿತು ಮಾತನಾಡುವಾಗ ನಾವು ಹೆಚ್ಚಾಗಿ ಅನ್ಸಾರ್‌ಗಳ ಔದಾರ್ಯವನ್ನೇ ಕೊಂಡಾಡುತ್ತೇವೆ. ಅದು ಸರಿಯೇ. ಆದರೆ ವಲಸೆ ಬಂದ ಮುಹಾಜಿರ್‌ಗಳಿಗೆ ಅಲ್ಲಿ ಯಾವ ಹಕ್ಕು ದೊರೆಯಿತು, ಅವರು ಆ ಊರಿಗೆ ಏನನ್ನು ಕೊಟ್ಟರು ಎಂಬ ಪ್ರಶ್ನೆ ನಮ್ಮ ವೇದಿಕೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಮದೀನಾ ಕೃಷಿಕರ ಊರು. ಔಸ್ ಮತ್ತು ಖಝ್ರಜ್ ಗೋತ್ರಗಳ ಬದುಕು ಖರ್ಜೂರದ ತೋಟಗಳನ್ನು ನೆಚ್ಚಿತ್ತು. ಮಕ್ಕಾದವರಾದರೋ ವ್ಯಾಪಾರಿಗಳು. ಮನೆ, ಸೊತ್ತುಗಳನ್ನು ತೊರೆದು ಬಂದ ಇವರನ್ನು ಪ್ರವಾದಿ ಮುಹಮ್ಮದ್(ಸ) ಸ್ಥಳೀಯರೊಂದಿಗೆ ಸಹೋದರತ್ವದ ಬಂಧದಲ್ಲಿ ಬೆಸೆದರು. ಅದು ಬಾಯಿಮಾತಿನ ಬಂಧವಲ್ಲ. ಆರಂಭದಲ್ಲಿ ಅದಕ್ಕೆ ವಾರೀಸು ಹಕ್ಕೂ ಇತ್ತು. ಮುಂದೆ ಮಾತ್ರ ಆ ಹಕ್ಕು ರಕ್ತಸಂಬಂಧಿಗಳಿಗೆ ಮರಳಿತು.

ಅನ್ಸಾರ್‌ಗಳು ತಮ್ಮ ತೋಟಗಳನ್ನೇ ಹಂಚಿಕೊಡಲು ಮುಂದಾದರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಬಂದವರು ತೋಟದಲ್ಲಿ ದುಡಿಯುವುದು, ಫಸಲಿನಲ್ಲಿ ಪಾಲು ಪಡೆಯುವುದು ಎಂದು ತೀರ್ಮಾನವಾಯಿತು. ನೆಲ ಉಳ್ಳವನಲ್ಲೇ ಉಳಿಯಿತು, ಬಂದವನ ಮಾನವೂ ಉಳಿಯಿತು. ಕೇವಲ ದಾನದಿಂದ ಇವೆರಡೂ ಒಟ್ಟಿಗೆ ಸಾಧ್ಯವಾಗುತ್ತಿರಲಿಲ್ಲವೆಂದೇ ನನ್ನ ಭಾವನೆ.

ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಹೋದರರಾಗಿ ದೊರೆತವರು ಸಅದ್ ಬಿನ್ ರಬೀಅ್(ರ), ಮದೀನಾದ ಸಿರಿವಂತರಲ್ಲೊಬ್ಬರು. ತಮ್ಮ ಸಂಪತ್ತಿನ ಅರ್ಧವನ್ನು ಕೊಡಲು ಅವರು ಸಿದ್ಧರಾದರು. ಅಬ್ದುರ್ರಹ್ಮಾನ್ ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಬನೂ ಕೈನುಕಾಅ್ ಪೇಟೆಗೆ ಹೋಗಿ ತುಪ್ಪ ಮತ್ತು ಒಣಮೊಸರಿನ ಗಟ್ಟಿಯ ವ್ಯಾಪಾರದಿಂದ ಆರಂಭಿಸಿದರು. ಕೆಲವೇ ದಿನಗಳಲ್ಲಿ ಅನ್ಸಾರಿ ಮಹಿಳೆಯೊಬ್ಬರಿಗೆ ಖರ್ಜೂರದ ಬೀಜದಷ್ಟು ತೂಕದ ಚಿನ್ನವನ್ನು ಮಹರ್ ನೀಡಿ ವಿವಾಹವಾಗುವಷ್ಟು ಸಂಪಾದಿಸಿದರು. ಮುಂದೆ ಅವರು ಮದೀನಾದ ಅತಿ ದೊಡ್ಡ ವರ್ತಕರಲ್ಲೊಬ್ಬರಾದರು, ದಾನಿಗಳಲ್ಲೊಬ್ಬರೂ ಆದರು. ಎಲ್ಲರ ಪಾಡು ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮನೆಯಿಲ್ಲದ ಅನೇಕರು ಮಸೀದಿಯ ಸುಫ್ಫಾದಲ್ಲಿ ಹಸಿದೇ ಮಲಗಿದ್ದುಂಟು.

ಅಸಹನೆಯೂ ಇತ್ತು. ಬನೂ ಮುಸ್ತಲಿಕ್ ದಂಡಯಾತ್ರೆಯ ವೇಳೆ ನೀರಿನ ಬಳಿ ಒಬ್ಬ ಮುಹಾಜಿರ್‌ಗೂ ಅನ್ಸಾರ್‌ಗಳ ಕಡೆಯವನೊಬ್ಬನಿಗೂ ಜಗಳವಾಯಿತು. ಕಪಟವಿಶ್ವಾಸಿಗಳ ನಾಯಕ ಅಬ್ದುಲ್ಲಾ ಬಿನ್ ಉಬೈ ಕಾದಿದ್ದು ಇದಕ್ಕಾಗಿಯೇ. ಇವರಿಗಾಗಿ ಖರ್ಚು ಮಾಡುವುದನ್ನು ನಿಲ್ಲಿಸಿ, ತಾವಾಗಿಯೇ ಚದುರಿ ಹೋಗುತ್ತಾರೆ ಎಂಬುದು ಅವನ ವಾದ. ಊರಿಗೆ ಮರಳಿದ ಮೇಲೆ ಹೊರದಬ್ಬುವ ಬೆದರಿಕೆಯೂ ಜೊತೆಗಿತ್ತು. ಬಂದವರು ದುಡಿಯುತ್ತಿದ್ದುದು, ಪೇಟೆ ಬೆಳೆಸಿದ್ದು ಅವನ ಲೆಕ್ಕಕ್ಕೆ ಬರಲಿಲ್ಲ. ಗಲ್ಫ್‌ನ ದುಡಿಮೆಯಿಂದ ಒಲೆ ಉರಿದ ನಮ್ಮ ಕರಾವಳಿಯ ಮನೆಗಳಿಗೆ ಇಂಥ ಮಾತಿನ ಕಹಿಯನ್ನು ವಿವರಿಸಬೇಕಾಗಿಲ್ಲ. ಆಕಾಶ ಮತ್ತು ಭೂಮಿಯ ಭಂಡಾರಗಳು ಯಾರ ಕೈಯಲ್ಲಿವೆ ಎಂಬುದನ್ನು ನೆನಪಿಸಿ, ಪವಿತ್ರ ಕುರ್‌ಆನಿನ 63ನೇ ಅಧ್ಯಾಯವು ಅವನಿಗೆ ಉತ್ತರಿಸಿತು.

628ರಲ್ಲಿ ಖೈಬರ್ ಜಯವಾದ ನಂತರ ಮುಹಾಜಿರ್‌ಗಳು ತಾವು ಪಡೆದಿದ್ದ ಮರಗಳನ್ನು ಅನ್ಸಾರ್‌ಗಳಿಗೆ ಹಿಂದಿರುಗಿಸಿದರು. ಈ ಮರಳಿಕೆಯಲ್ಲಿ ಒಂದು ಕಡೆ ತೊಡಕಾಯಿತು. ಅನಸ್(ರ)ರ ಮನೆಯವರು ನೀಡಿದ್ದ ಮರಗಳನ್ನು ಪ್ರವಾದಿವರ್ಯರು(ಸ) ತಮ್ಮನ್ನು ಸಾಕಿದ ಉಮ್ಮು ಐಮನ್(ರ)ರಿಗೆ ಕೊಟ್ಟಿದ್ದರು. ಅವು ತನ್ನವೇ ಎಂದು ಬಗೆದಿದ್ದ ಆ ವೃದ್ಧೆ, ಅನಸ್‌ರ ಕೊರಳಿಗೆ ಬಟ್ಟೆ ಸುತ್ತಿ ಹಿಡಿದು, ಕೊಡಲಾರೆನೆಂದು ಹಠ ಹಿಡಿದರು. ಪ್ರವಾದಿವರ್ಯರು(ಸ) ಗದರಲಿಲ್ಲ. ಬದಲಿಗೆ ಇಷ್ಟು ಕೊಡುತ್ತೇನೆ, ಇನ್ನಷ್ಟು ಕೊಡುತ್ತೇನೆ ಎನ್ನುತ್ತಾ ಹೋಗಿ, ಸುಮಾರು ಹತ್ತು ಪಟ್ಟಾದಾಗ ಆಕೆ ಒಪ್ಪಿದರು.